ಕೋಳಿಗೆ ಹಾಸಿಗೆ ಹುಡುಕುವ ನಿವೃತ್ತರು

ಹಿತ್ತಲ ಕೋಳಿಗೂಡಿಗೆ ನೆಲಹಾಸು ಹಾಕುವವರಲ್ಲಿ ಎರಡು ಬಗೆ. ಹಳ್ಳಿಯ ಅಜ್ಜಿ ಒಂದು ಮೊರ ಒಲೆಬೂದಿ ಚೆಲ್ಲಿ, ಕೋಳಿಗಳ ಮೇಲೆ ಮಂಕರಿ ಕವುಚಿ, ಅದರ ಮೇಲೊಂದು ಕಲ್ಲಿಟ್ಟು ಮಲಗುತ್ತಾಳೆ. ಅವಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಎರಡನೆಯವರು ನಿವೃತ್ತ ಅಧಿಕಾರಿ. ಮೈಸೂರಿನ ಹೊರವಲಯದ ಬಡಾವಣೆಯಲ್ಲಿ, 40×60 ಸೈಟಿನ ಹಿಂಬದಿ, ಬಟ್ಟೆ ಒಗೆಯುವ ಕಲ್ಲಿಗೂ ಕಾಂಪೌಂಡಿಗೂ ನಡುವೆ ಇವರ ಗೂಡು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ನಾಲ್ಕು ಮರಿ ಮನೆಗೆ ಬರುವ ಮೊದಲೇ ‘ಕೋಳಿ: ಹಾಸಿಗೆ’ ಎಂಬ ಫೈಲು ತೆರೆದಿರುತ್ತದೆ. ಮೂರು ಕೊಟೇಷನ್ ಇಲ್ಲದೆ ಇವರು ಸೊಳ್ಳೆಬತ್ತಿಯನ್ನೂ ಕೊಂಡವರಲ್ಲ.

ಮಂಡ್ಯದ ಕಡೆಯ ರೈಸ್ ಮಿಲ್ಲಿನ ಭತ್ತದ ಹೊಟ್ಟು ಹತ್ತಿರದಲ್ಲೇ ಸಿಗುತ್ತದೆ, ಅಗ್ಗ, ಬೇಗ ಗಟ್ಟಿಯಾಗದು. ಪೌಲ್ಟ್ರಿಯವರು ಕಣ್ಣು ಮುಚ್ಚಿ ಬಳಸುವುದು ಅದನ್ನೇ. ಅಷ್ಟು ಸುಲಭವಾಗಿ ಸಿಕ್ಕಿದ್ದರಿಂದಲೇ ಇವರಿಗೆ ಅನುಮಾನ. ‘ನೀರು ಹೀರುವ ಗುಣ ಸಾಲದು’ ಎಂದು ಷರಾ ಬರೆಯುತ್ತಾರೆ. ಅದು ಸುಳ್ಳೂ ಅಲ್ಲ. ಆಮೇಲೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಸೋದರಳಿಯ ಕಡಲೆಕಾಯಿ ಸಿಪ್ಪೆ ಹೊತ್ತು ತರುತ್ತಾನೆ. ತೇವ ತಗುಲಿದರೆ ಸಿಪ್ಪೆಗೆ ಬೂಷ್ಟು ಬರುತ್ತದೆ, ಬೂಷ್ಟಿನ ಧೂಳು ಮರಿಗಳ ಶ್ವಾಸಕೋಶಕ್ಕಿಳಿಯುತ್ತದೆ. ತಿಪಟೂರಿನ ಬೀಗರು ಕಳಿಸಿದ ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಕುಡಿಯುತ್ತದೆ, ಆದರೆ ಆಷಾಢದಲ್ಲಿ ಕುಡಿದದ್ದನ್ನು ಬಿಟ್ಟುಕೊಡುವುದಿಲ್ಲ. ಹಳೆಯ ದಿನಪತ್ರಿಕೆಯ ಮೇಲೆ ಮರಿಗಳ ಕಾಲು ಜಾರಿ ಅಗಲಕ್ಕೆ ತಿರುಗಿಕೊಳ್ಳುತ್ತವೆ. ರದ್ದಿ ದುಡ್ಡು ಮನೆಯಾಕೆಯ ಹಕ್ಕಾದ್ದರಿಂದ ಆ ಪ್ರಸ್ತಾವ ಮೊದಲ ದಿನವೇ ಬಿದ್ದುಹೋಗುತ್ತದೆ.

ಕೊನೆಗೆ ಇವರನ್ನು ಗೆಲ್ಲುವುದು ‘ಉಚಿತ’ ಎಂಬ ಪದ. ಪಕ್ಕದ ಮನೆಯಲ್ಲಿ ಮಾಡ್ಯುಲರ್ ಅಡುಗೆಮನೆ ಕೂರಿಸುತ್ತಿರುವ ಬಡಗಿ ಎರಡು ಮೂಟೆ ಮರದ ಪುಡಿ ಸುಮ್ಮನೆ ಕೊಡುತ್ತಾನೆ. ಅದು ಪ್ಲೈವುಡ್ಡಿನದು, ಅಂಟು ಮತ್ತು ಗೆದ್ದಲು ಔಷಧಿ ಬೆರೆತದ್ದು. ಸಾ ಮಿಲ್ಲಿನ ಶುದ್ಧ ಪುಡಿಯಾಗಿದ್ದರೂ ತೀರ ನುಣ್ಣಗಿದ್ದರೆ ಮರಿಗಳು ಅದನ್ನೇ ಮೇವೆಂದು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಹೀಗೆ ಎರಡು ತಿಂಗಳು ಸುತ್ತಾಡಿದ ಫೈಲು ಮಂಡ್ಯದ ಹೊಟ್ಟಿಗೇ ಮಂಜೂರಾತಿ ಕೊಟ್ಟು ಮುಚ್ಚಿಕೊಳ್ಳುತ್ತದೆ.

ಮರಿಗಳಿಗೆ 2 ಇಂಚು, ಬೆಳೆದವಕ್ಕೆ 4ರಿಂದ 6 ಇಂಚು ದಪ್ಪ ಇರಬೇಕು. ಇವರು ದಿನಾ ಬೆಳಿಗ್ಗೆ ಸ್ಕೇಲಿಟ್ಟು ಸಮ ಮಾಡುತ್ತಾರೆ. ಕಾಫಿ ಮುಗಿಸಿ ಬರುವಷ್ಟರಲ್ಲಿ ಕೋಳಿಗಳು ಕೆದರಿ ಗುಂಡಿ ತೋಡಿರುತ್ತವೆ. ಹಾಸಿಗೆ ಗಾಳಿಯಾಡುವುದು ಆ ಕೆದರಾಟದಿಂದಲೇ. ಸ್ಕೇಲಿನಿಂದ ಈವರೆಗೆ ಯಾವ ಕೋಳಿಗೂ ಉಪಕಾರವಾಗಿಲ್ಲ.

ಹಾಸಿನ ಪರೀಕ್ಷೆಗೆ ಅಂಗೈ ಸಾಕು. ಒಂದು ಹಿಡಿ ಅದುಮಿ ಬಿಟ್ಟಾಗ ಉಂಡೆಯಾಗಿ ನಿಂತರೆ ಒದ್ದೆ ಹೆಚ್ಚು, ಒಂದಿಷ್ಟೂ ಅಂಟದಿದ್ದರೆ ಧೂಳು ಹೆಚ್ಚು. ಒದ್ದೆ ಹಾಸಿನಲ್ಲಿ ಮರಿಗಳಿಗೆ ರಕ್ತಭೇದಿ ಬರುತ್ತದೆ, ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಅದನ್ನು ಕೋಳಿಯ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು ಮೂಸಿ ನೋಡಬೇಕು. ಮಂಡಿನೋವಿನ ಅಧಿಕಾರಿ ಬಾಗಿಲಲ್ಲಿ ನಿಂತೇ ‘ವಾಸನೆ ಇಲ್ಲ’ ಎಂದು ದಾಖಲಿಸುತ್ತಾರೆ. ಗುಡಿಸಲು ಕೂತ ಮನೆಗೆಲಸದಾಕೆಗೆ ನಿಜ ಗೊತ್ತು. “ಕಣ್ಣು ಉರೀತದೆ ಸಾರ್. ನೀರಿನ ಬಟ್ಲು ಹೊಟ್ಟಿನ ಮೇಲೇ ಮಡಗಿದ್ದೀರಲ್ಲ, ಎರಡಿಟ್ಟಿಗೆ ಮೇಲಿಡಿ.” ಕೋಳಿಯ ಬೆನ್ನಿನ ಮಟ್ಟಕ್ಕೆ ಬಟ್ಟಲು ಏರಿದ ವಾರದಲ್ಲೇ ಹಾಸು ಒಣಗುತ್ತದೆ. ಫೈಲಿನಲ್ಲಿ ಇಟ್ಟಿಗೆಯ ಪ್ರಸ್ತಾಪ ಎಲ್ಲೂ ಇರುವುದಿಲ್ಲ.

ಐದನೆಯ ತಿಂಗಳ ಒಂದು ರಾತ್ರಿ ಕರೆಂಟು ಹೋದಾಗ ಇವರು ಟಾರ್ಚ್ ಹಿಡಿದು ಗೂಡಿಗೆ ಹೋಗುತ್ತಾರೆ. ನಾಲ್ಕೂ ಕೋಳಿಗಳು ಎರಡಡಿ ಎತ್ತರದ ಬಿದಿರು ಗಳದ ಮೇಲೆ ಸಾಲಾಗಿ ಕೂತು ನಿದ್ದೆ ಮಾಡುತ್ತಿರುತ್ತವೆ. ಕೋಳಿ ಮಲಗುವುದೇ ಹಾಗೆ. ಹಾಸು ಇರುವುದು ಅದರ ಹಿಕ್ಕೆಗೆ.

ತೆಗೆದ ಹಾಸು ಒಳ್ಳೆಯ ಗೊಬ್ಬರ. ಹಸಿಯಾಗಿ ಹಾಕಿದರೆ ಕರಿಬೇವಿನ ಬೇರು ಸುಡುವುದರಿಂದ ಎರಡು ಮೂರು ತಿಂಗಳು ಗುಂಡಿಯಲ್ಲಿ ಕೊಳೆಸಬೇಕು. ಗುಂಡಿ ತೋಡಲು ಕೊಟೇಷನ್ ಕರೆಯಲಾಗಿದೆ.