ಹೆಬ್ಬೆರಳ ಮೀಮಾಂಸೆ: ಉನ್ನತ ಶಿಕ್ಷಣದಲ್ಲಿ ವಾಟ್ಸ್ಯಾಪ್ ಗ್ರೂಪಿನ ತಾತ್ವಿಕ ನೆಲೆಗಳು (ಸಿರಿಗೆರೆ ಸೀಮೆಯನ್ನು ಅನುಲಕ್ಷಿಸಿ)

ಪ್ರಸ್ತುತ ಪ್ರಬಂಧವು ಸಾಮಾಜಿಕ ಜಾಲತಾಣ ಕೇಂದ್ರಿತ ಬೋಧನಾ-ಕಲಿಕಾ ಪ್ರಕ್ರಿಯೆಯ ಬಹುಆಯಾಮಿ ಸಂಕಥನವನ್ನು ಸಮಕಾಲೀನ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಕ್ಕೊಳಪಡಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಈ ವಾಕ್ಯಕ್ಕೆ ಏನರ್ಥ ಎಂದು ಪ್ರಬಂಧಕಾರರನ್ನು ಕೇಳಬಾರದು. ಇಂಥ ವಾಕ್ಯದಿಂದ ಶುರುವಾಗದ ಪ್ರಬಂಧಕ್ಕೆ ವಿಚಾರಸಂಕಿರಣದಲ್ಲಿ ಚೀಲ, ಪೆನ್ನು, ಪ್ರಮಾಣಪತ್ರ ಸಿಗುವುದಿಲ್ಲ ಎಂಬುದಷ್ಟೇ ಅವರಿಗೆ ಗೊತ್ತು.

ಅಧ್ಯಯನದ ವ್ಯಾಪ್ತಿ: ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಿಂದ ಒಳಕ್ಕಿರುವ ಸಿರಿಗೆರೆ, ಜೊತೆಗೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು. ಈ ಸೀಮೆಯ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಆ ವಿಶ್ವವಿದ್ಯಾಲಯ ಹುಟ್ಟಿದ್ದು 2009ರಲ್ಲಿ. ವಾಟ್ಸ್ಯಾಪ್ ಹುಟ್ಟಿದ್ದೂ 2009ರಲ್ಲಿ. ಇದು ಕಾಕತಾಳೀಯವೆಂದು ತಳ್ಳಿಹಾಕುವವರಿಗೆ ಸಂಶೋಧನಾ ದೃಷ್ಟಿ ಇಲ್ಲ. ಒಬ್ಬರಿಗೆ ಪಿಎಚ್.ಡಿ. ಆಗುವಷ್ಟು ಸರಕು ಇದರಲ್ಲಿದೆ.

ಶಿಸ್ತಿನ ಪ್ರಕಾರ ಮೊದಲು ಪೂರ್ವಸೂರಿಗಳನ್ನು ನೆನೆಯಬೇಕು. 1921ರಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ, ವಿದ್ಯಾರ್ಥಿಗಳು ಅವರನ್ನು ಹೂವಿನಿಂದ ಸಿಂಗರಿಸಿದ ಸಾರೋಟಿನಲ್ಲಿ ಕೂರಿಸಿ ರೈಲು ನಿಲ್ದಾಣದವರೆಗೆ ತಾವೇ ಎಳೆದುಕೊಂಡು ಹೋದರು. ಕನ್ನಡ ನಾಡಿನಲ್ಲಿ ಒಬ್ಬ ಮೇಷ್ಟ್ರಿಗೆ ಇಷ್ಟು ‘ಫಾಲೋವರ್ಸ್’ ಇದ್ದುದರ ಆದ್ಯ ನಿದರ್ಶನ ಇದೇ ಎಂದು ಪ್ರಬಂಧ ಪ್ರತಿಪಾದಿಸುತ್ತದೆ. ಆದರೆ ಆ ಮೆರವಣಿಗೆಗೆ ಜಿಯೋಟ್ಯಾಗ್ ಇರುವ ಫೋಟೊ ಇಲ್ಲ, ಪ್ರಾಂಶುಪಾಲರ ಸಹಿ-ಮೊಹರಿನ ವರದಿ ಇಲ್ಲ. ಆದ್ದರಿಂದ ಈಗಿನ ಮೌಲ್ಯಮಾಪನದಲ್ಲಿ ಅದಕ್ಕೆ ಸೊನ್ನೆ. ಮುಂದೆ ಅದೇ ರಾಧಾಕೃಷ್ಣನ್ ಹುಟ್ಟುಹಬ್ಬದಂದು, ಅಂದರೆ 2016ರ ಸೆಪ್ಟೆಂಬರ್ 5ರ ಶಿಕ್ಷಕರ ದಿನದಂದು, ಜಿಯೋ ಪುಕ್ಕಟೆ ಡೇಟಾದೊಂದಿಗೆ ಬಂತು. ಅವತ್ತು ಶಿಕ್ಷಕರಿಗೆ ಸಿಕ್ಕ ಉಡುಗೊರೆ ಇವತ್ತಿಗೂ ರಾತ್ರಿ ಹನ್ನೊಂದು ಗಂಟೆಗೆ ದಿಂಬಿನ ಪಕ್ಕ ಟಿಂಗ್ ಎನ್ನುತ್ತದೆ.

ಇನ್ನು ಸೈದ್ಧಾಂತಿಕ ಚೌಕಟ್ಟು. 2002ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಟಿನ್ ಡುಗಿಯಾಮಸ್ ಎಂಬಾತ ‘ಮೂಡಲ್’ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದ. ಮೇಷ್ಟ್ರು ಸುರಿದು ಹುಡುಗರು ತುಂಬಿಕೊಳ್ಳುವುದಲ್ಲ ಕಲಿಕೆ, ಎಲ್ಲರೂ ಸೇರಿ ಮಾತಾಡುತ್ತ, ಏನನ್ನಾದರೂ ಮಾಡುತ್ತ ಅರಿವನ್ನು ಕಟ್ಟಿಕೊಳ್ಳಬೇಕು ಎಂಬುದು ಅದರ ಹಿಂದಿನ ವಿಚಾರ. ಗೌರವದ ವಿಚಾರವೇ. ಅದು ಪರ್ತ್‌ನಿಂದ ಹೊರಟು ಸಿರಿಗೆರೆ ಕ್ರಾಸಿನಲ್ಲಿ ಬಸ್ಸಿಳಿಯುವ ಹೊತ್ತಿಗೆ ಈ ರೂಪ ತಾಳಿರುತ್ತದೆ:

“ಸಾರ್, ನಾಳೆ ಕ್ಲಾಸ್ ಐತಾ?”

“ಐತೆ.”

“ಓಕೆ ಸಾರ್.” (ಇದನ್ನು ಮಿಕ್ಕ ಎಲ್ಲರೂ ಒಬ್ಬೊಬ್ಬರಾಗಿ ಹೇಳುತ್ತಾರೆ.)

ವಾಟ್ಸ್ಯಾಪ್ ಗ್ರೂಪುಗಳನ್ನು ಪ್ರಬಂಧಕಾರರು ಐದು ವಿಧವಾಗಿ ವರ್ಗೀಕರಿಸುತ್ತಾರೆ. ಮೊದಲನೆಯದು ಏಕಮುಖ ಗ್ರೂಪ್. ಇಲ್ಲಿ ಅಡ್ಮಿನ್ ಮಾತ್ರ ಮಾತಾಡಬಲ್ಲರು. ಸಂವಾದಾತ್ಮಕ ಕಲಿಕೆಯ ವೇದಿಕೆ ಎಂದು ವರದಿಯಲ್ಲಿ ಬರೆಯುವುದು ಇದನ್ನೇ. ಎರಡನೆಯದು ಗುರುರಹಿತ ಗ್ರೂಪ್. ಇದು ವಿದ್ಯಾರ್ಥಿಗಳು ತಾವೇ ಮಾಡಿಕೊಂಡದ್ದು. ಹಳೆಯ ಪ್ರಶ್ನೆಪತ್ರಿಕೆ, ಯಾರದೋ ಅಂದವಾದ ಕೈಬರಹದ ನೋಟ್ಸಿನ ಫೋಟೊ, ಅರ್ಥವಾಗದ ಪಾಠವನ್ನು ಗೆಳತಿಯೊಬ್ಬಳು ಮೂರು ನಿಮಿಷದಲ್ಲಿ ಬಿಡಿಸಿ ಹೇಳಿದ ವಾಯ್ಸ್ ಮೆಸೇಜು ಎಲ್ಲ ಇಲ್ಲೇ ಓಡಾಡುತ್ತವೆ. ಸಿದ್ಧಾಂತಕ್ಕೆ ಅತಿ ಹತ್ತಿರವಿರುವ ಗ್ರೂಪ್ ಇದೊಂದೇ ಆದ್ದರಿಂದ ಇದು ಯಾವ ವರದಿಯಲ್ಲೂ ಕಾಣಿಸುವುದಿಲ್ಲ. ಮೂರನೆಯದು ಸಿಬ್ಬಂದಿ ಗ್ರೂಪ್. 2014ರ ನವೆಂಬರಿನಲ್ಲಿ ನೀಲಿ ಗೆರೆಗಳು ಬಂದ ಮೇಲೆ, ನೋಡಿಯೂ ಉತ್ತರಿಸದಿರುವುದು ಇಲ್ಲಿ ಅವಿಧೇಯತೆಯ ಲಕ್ಷಣ. (ಗ್ರೂಪಿನಿಂದ ತೆಗೆದುಹಾಕಿದ ವ್ಯಾಜ್ಯವೊಂದು ಸಿರಿಗೆರೆಯ ಮಠದಲ್ಲಿ ಸೋಮವಾರ ನಡೆಯುವ ಸದ್ಧರ್ಮ ನ್ಯಾಯಪೀಠದ ಮುಂದೆ ಇನ್ನೂ ಬಂದಂತಿಲ್ಲ. ಬರುವ ಕಾಲ ದೂರವಿಲ್ಲ.) ನಾಲ್ಕನೆಯದು ಮತ್ತು ಐದನೆಯದು ಹೆಚ್ಚೂಕಡಿಮೆ ಮೂರನೆಯದರಂತೆಯೇ, ಗುಡ್ ಮಾರ್ನಿಂಗ್ ಚಿತ್ರಗಳು ಮಾತ್ರ ಬೇರೆ. ಬಿಡಿ.

ಹೆಬ್ಬೆರಳಿಗೆ ಬರೋಣ. ದ್ರೋಣಾಚಾರ್ಯರು ಏಕಲವ್ಯನ ಹೆಬ್ಬೆರಳನ್ನು ಒಂದೇ ಸಲ ಕೇಳಿದರು. ನಮ್ಮ ಕಾಲದಲ್ಲಿ ಅದನ್ನು ದಿನಾ ಕೇಳಲಾಗುತ್ತದೆ. ಪಿಡಿಎಫ್ ಹಾಕಿದೊಡನೆ ಎಲ್ಲ ಹೆಬ್ಬೆರಳುಗಳೂ ಸಾಲಾಗಿ ಎದ್ದು ನಿಲ್ಲಬೇಕು. ಪಿಡಿಎಫ್ ತೆರೆಯಬೇಕೆಂದೇನೂ ಇಲ್ಲ.

ಹೆಬ್ಬೆರಳು ಯಾಕೆ ಬೇಕು ಎಂಬುದಕ್ಕೆ ಉತ್ತರ ಬೆಂಗಳೂರಿನ ನಾಗರಬಾವಿಯಲ್ಲಿದೆ. ಕಾಲೇಜುಗಳನ್ನು ತಪಾಸಿಸಿ ಶ್ರೇಣಿ ಕೊಡುವ, 1994ರಲ್ಲಿ ಸ್ಥಾಪನೆಯಾದ ನ್ಯಾಕ್‌ನ ಕಚೇರಿ ಇರುವುದು ಅಲ್ಲಿ. ಅದರ ಏಳು ಮಾನದಂಡಗಳ ಪೈಕಿ ಎರಡನೆಯದು ಬೋಧನೆ, ಕಲಿಕೆ, ಮೌಲ್ಯಮಾಪನಕ್ಕೆ ಸಂಬಂಧಿಸಿದ್ದು. ನಿಮ್ಮ ಅಧ್ಯಾಪಕರು ಐಸಿಟಿ (ಮಾಹಿತಿ-ಸಂವಹನ ತಂತ್ರಜ್ಞಾನ) ಸಾಧನಗಳನ್ನು ಬಳಸುತ್ತಾರೆಯೇ ಎಂದು ಅದು ಕೇಳುತ್ತದೆ. ಬಳಸುತ್ತಾರೆ ಎಂದರೆ ಸಾಲದು, ದಾಖಲೆ ಕೊಡಬೇಕು. ಹೀಗಾಗಿ ಪಾಠ ಮುಗಿದ ಮೇಲೆ ಸ್ಕ್ರೀನ್‌ಶಾಟ್ ತೆಗೆಯುವ ಪದ್ಧತಿ ಹೋಗಿ, ಸ್ಕ್ರೀನ್‌ಶಾಟ್ ಸಿಕ್ಕ ಮೇಲೆ ಪಾಠ ನಿಲ್ಲಿಸುವ ಪದ್ಧತಿ ಬಂತು. ಯುಜಿಸಿಯ 2018ರ ನಿಯಮಾವಳಿಯಲ್ಲಿ ನವೀನ ಬೋಧನಾ ವಿಧಾನ ರೂಪಿಸಿದ ಅಧ್ಯಾಪಕರಿಗೆ 5 ಅಂಕ, ನಾಲ್ಕು ಕ್ರೆಡಿಟ್ಟಿನ ಪೂರ್ಣ ಮೂಕ್ (ಮುಕ್ತ ಆನ್‌ಲೈನ್ ಕೋರ್ಸ್) ತಯಾರಿಸಿದರೆ 20 ಅಂಕ. ಬಿ.ಎ. ಮೊದಲ ವರ್ಷದ ಹುಡುಗನೊಬ್ಬನಿಗೆ ಒಂದು ಪ್ಯಾರಾ ತಪ್ಪಿಲ್ಲದೆ ಬರೆಯಲು ಕಲಿಸಿದರೆ ಎಷ್ಟು ಎಂದು ಪ್ರಬಂಧಕಾರರು ಆ ಪಟ್ಟಿಯಲ್ಲಿ ಬಹಳ ಹೊತ್ತು ಹುಡುಕಿದರು.

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಕರ್ನಾಟಕದ ಪದವಿ ತರಗತಿಗಳಿಗೆ ಇಳಿಯಿತು. ಜೊತೆಗೆ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪತ್ರಿಕೆಯೂ ಇಳಿಯಿತು. ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ತಿಳಿಯದ ಕಡೆಗಳಲ್ಲಿ ಮಕ್ಕಳು ಕೃತಕ ಬುದ್ಧಿಮತ್ತೆಯ ಲಕ್ಷಣಗಳನ್ನು ಬಾಯಿಪಾಠ ಮಾಡಿ ಪಾಸಾದರು. 2024-25ರಲ್ಲಿ ನೀತಿ ಬದಲಾಗಿ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಫ್ಲುಯೆನ್ಸಿ ಎಲ್ಲಿಗೆ ಹೋಯಿತೋ.

ಆ ಎರಡು ಕೊರೊನಾ ವರ್ಷಗಳನ್ನು ಮಾತ್ರ ಹೀಗೆ ನಗುತ್ತ ದಾಟಲು ಆಗುವುದಿಲ್ಲ. 2021ರ ಜೂನಿನಲ್ಲಿ ಸರ್ಕಾರ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಶುರುಮಾಡಿತು. ಅದು ಸರ್ಕಾರಿ ಕಾಲೇಜಿನವರಿಗೆ ಮಾತ್ರ. ಪಕ್ಕದ ಅನುದಾನಿತ ಕಾಲೇಜಿಗೆ ಸೇರಿದ ಅದೇ ಊರಿನ, ಅದೇ ಬಡತನದ ಹುಡುಗಿಗೆ ಇಲ್ಲ. ಈ ಸೀಮೆಯಲ್ಲಿ ಎಷ್ಟೋ ಮನೆಗಳಿಗೆ ಇದ್ದದ್ದು ಒಂದೇ ಫೋನು. ಅಪ್ಪ ಮೆಕ್ಕೆಜೋಳದ ಹೊಲಕ್ಕೆ ಹೊರಟರೆ ಅರ್ಥಶಾಸ್ತ್ರದ ಪಾಠವೂ ಹೊಲಕ್ಕೆ ಹೋಗುತ್ತಿತ್ತು. ಅದೇ ತಿಂಗಳು ಸುಳ್ಯ ತಾಲ್ಲೂಕಿನ ಬಳ್ಳಕದ ಒಂದು ಫೋಟೊ ದೇಶವೆಲ್ಲ ಸುತ್ತಿತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಹೈಸ್ಕೂಲು ಹುಡುಗಿ, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ಅದಕ್ಕೂ ಲಕ್ಷಾಂತರ ಹೆಬ್ಬೆರಳು ಬಿದ್ದವು.

ಆ ದಿನಗಳಲ್ಲಿ ಫೋನಿನ ಇನ್ನೊಂದು ತುದಿಯಲ್ಲಿ ಯಾರಿದ್ದರು? ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ಬಹುಪಾಲು ಹೊರೆ ಹೊತ್ತವರು ಅತಿಥಿ ಉಪನ್ಯಾಸಕರು. 2022ರ ಜನವರಿಯವರೆಗೆ ಅವರ ತಿಂಗಳ ಗೌರವಧನ 11 ಸಾವಿರ, ನೆಟ್ ಅರ್ಹತೆ ಅಥವಾ ಪಿಎಚ್.ಡಿ. ಇದ್ದವರಿಗೆ 13 ಸಾವಿರ. ಅದೂ ವರ್ಷದ ಎಲ್ಲ ತಿಂಗಳಿಗಲ್ಲ. ಕೈಗೆ ಬರುವುದು ಯಾವಾಗಲೆಂಬ ಖಾತ್ರಿಯೂ ಇರಲಿಲ್ಲ. ಲಾಕ್‌ಡೌನಿನಲ್ಲಿ ಅವರಲ್ಲಿ ಹಲವರು ಕೂಲಿಗೆ ಹೋದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಮುಷ್ಕರ ಹೂಡಿದ ಮೇಲೆ ಗೌರವಧನ 26ರಿಂದ 32 ಸಾವಿರಕ್ಕೇರಿತು. ಜೊತೆಗೆ ವಾರದ ಪಾಠದ ಅವಧಿಯನ್ನು 15 ಗಂಟೆಗೆ ಏರಿಸಿದ್ದರಿಂದ ಎಷ್ಟೋ ಜನ ಇದ್ದ ಕೆಲಸವನ್ನೂ ಕಳೆದುಕೊಂಡರು. ಸ್ವಂತ ಫೋನು, ಸ್ವಂತ ಡೇಟಾ, ಸ್ವಂತ ಗಂಟಲು. ಅವರ ವಾಯ್ಸ್ ಮೆಸೇಜುಗಳನ್ನೇ ‘ಸಂಸ್ಥೆಯ ಡಿಜಿಟಲ್ ಉಪಕ್ರಮ’ ಎಂದು ಫೈಲಿಗೆ ಹಾಕುತ್ತಾರಲ್ಲ, ಅದು ಕಳ್ಳತನ. ಅದಕ್ಕೆ ಬೇರೆ ಪಾರಿಭಾಷಿಕ ಪದ ಬೇಕಿಲ್ಲ. ಇತ್ತ 2025ರ ಫೆಬ್ರುವರಿಯಲ್ಲಿ ಆಂಧ್ರದ ಒಂದು ವಿಶ್ವವಿದ್ಯಾಲಯಕ್ಕೆ ಒಳ್ಳೆಯ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದವರನ್ನೇ ಸಿಬಿಐ ಬಂಧಿಸಿತು. ಸ್ಕ್ರೀನ್‌ಶಾಟ್ ಹೊಂದಿಸಲು ಊಟ ಬಿಟ್ಟು ಕೂತವರು ಆ ಸುದ್ದಿಯನ್ನು ಓದಿದ್ದೂ ವಾಟ್ಸ್ಯಾಪಿನಲ್ಲೇ.

ಪ್ರತಿವಾದವನ್ನೂ ಪರಿಶೀಲಿಸಬೇಕು, ಇಲ್ಲದಿದ್ದರೆ ಪ್ರಬಂಧ ಏಕಪಕ್ಷೀಯವಾದೀತು. ಯಂತ್ರ ಪಾಠಕ್ಕೆ ಒಗ್ಗುವುದಿಲ್ಲವೇ? ಒಗ್ಗುತ್ತದೆ, ಒಗ್ಗಿದೆ. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತದಲ್ಲಿ ಪಿಎಚ್.ಡಿ. ಮಾಡಿದ ಸಿರಿಗೆರೆಯ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ, ಪಾಣಿನಿಯ ಸುಮಾರು ನಾಲ್ಕು ಸಾವಿರ ವ್ಯಾಕರಣ ಸೂತ್ರಗಳನ್ನು ಕಂಪ್ಯೂಟರಿಗೆ ತಂದು ‘ಗಣಕಾಷ್ಟಾಧ್ಯಾಯಿ’ ತಂತ್ರಾಂಶ ರೂಪಿಸಿದರು. ಒಂದು ಪದದ ರಚನೆಗೆ ಯಾವ ಸೂತ್ರ ಎಲ್ಲಿ ಅನ್ವಯಿಸುತ್ತದೆ ಎಂದು ಹುಡುಕುವ ವಿದ್ಯಾರ್ಥಿಗೆ ಅದು ಇವತ್ತಿಗೂ ದಾರಿ ತೋರುತ್ತದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಭಾಷಾ ವಿದ್ಯಾರ್ಥಿಗಳಿಗೆ ವಿಕಿಪೀಡಿಯಕ್ಕೆ ಬರೆಯುವ ಕೆಲಸ ಕೊಟ್ಟರು, ಕನ್ನಡಕ್ಕೂ. ನೂರು ಕಡೆಯಿಂದ ನಕಲು ಹೊಡೆದು ತಂದ ಪುಟವನ್ನು ಅಪರಿಚಿತರು ಯಾರೋ ಅಳಿಸಿಹಾಕಿದಾಗ, ಆಧಾರವೆಂದರೇನು ಎಂಬುದು ಹುಡುಗರಿಗೆ ಮೊದಲ ಬಾರಿ ತಿಳಿಯುತ್ತದೆ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಹೊಳಲ್ಕೆರೆಯ ವಿದ್ಯಾರ್ಥಿ ತನ್ನ ಊರಿನ ಕೆರೆಯ ಬಗ್ಗೆ ಅಜ್ಜನನ್ನು, ಗೆಜೆಟಿಯರನ್ನು ಕೇಳಿ ನಾಲ್ಕು ಸಾಲು ಬರೆದು ಅದೇ ಬಯಲಿಗೆ ಸೇರಿಸಬಹುದು. ಸಾಧನ ಇದೆ, ಪುಕ್ಕಟೆಯೂ ಇದೆ. ಅದನ್ನು ತಿದ್ದಲು ಕೂರುವ ಮೇಷ್ಟ್ರಿಗೆ ಸಮಯವನ್ನೂ ಸಂಬಳವನ್ನೂ ಕೊಡುವವರು ಮಾತ್ರ ಇಲ್ಲ.

ಆದ್ದರಿಂದ ತಪಾಸಣಾ ತಂಡದ ಮಾನ್ಯರಲ್ಲಿ ಒಂದು ಅರಿಕೆ. ಮುಂದಿನ ಸಲ ಈ ಸೀಮೆಗೆ ಬಂದಾಗ, ಹಾರ ಹಾಕಿಸಿಕೊಂಡಾದ ಮೇಲೆ, ಸ್ಕ್ರೀನ್‌ಶಾಟಿನ ಕಡತವನ್ನು ಒಂದೈದು ನಿಮಿಷ ಪಕ್ಕಕ್ಕಿಡಿ. ಬಾಗಿಲ ಹತ್ತಿರ ನಿಂತಿರುವ ಅತಿಥಿ ಉಪನ್ಯಾಸಕರನ್ನು ಕೂರಿಸಿ, ಕಳೆದ ತಿಂಗಳ ಸಂಬಳ ಬಂತೇ ಎಂದು ಕೇಳಿ. ಉತ್ತರವನ್ನು ವರದಿಯಲ್ಲಿ ಬರೆಯಿರಿ.