ಮುಂದಿನ ವರ್ಷ ಸರಿಹೋಗುತ್ತೆ ಬಿಡಿ

ರಿಸರ್ವ್ ಬ್ಯಾಂಕು ಎರಡು ತಿಂಗಳಿಗೊಮ್ಮೆ ನಮ್ಮ ನಗರಗಳ ಜನರ ಕ್ಷೇಮಸಮಾಚಾರ ವಿಚಾರಿಸುತ್ತದೆ. ಬೆಂಗಳೂರೂ ಆ ಪಟ್ಟಿಯಲ್ಲಿದೆ. ದೇಶದ ಆರ್ಥಿಕ ಸ್ಥಿತಿ, ಉದ್ಯೋಗ, ಬೆಲೆ, ಆದಾಯ, ಖರ್ಚು ಹೋದ ವರ್ಷಕ್ಕಿಂತ ಹೇಗಿವೆ, ಬರುವ ವರ್ಷ ಹೇಗಿರಬಹುದು ಎಂದು ಕೇಳಿ, ಉತ್ತರಗಳನ್ನು ಸೋಸಿ ಎರಡು ಸೂಚ್ಯಂಕ ತೆಗೆಯುತ್ತಾರೆ. 100ರ ಮೇಲಿದ್ದರೆ ಜನ ಖುಷಿಯಾಗಿದ್ದಾರೆ, ಕೆಳಗಿದ್ದರೆ ಬೇಸತ್ತಿದ್ದಾರೆ ಎಂದು ಲೆಕ್ಕ.

2021ರ ಜುಲೈ. ಕೋವಿಡ್ ಎರಡನೇ ಅಲೆಯ ಚಿತೆಗಳು ಇನ್ನೂ ಪೂರ್ತಿ ಆರಿರಲಿಲ್ಲ. ಈಗ ಹೇಗಿದೆ ಎಂದದ್ದಕ್ಕೆ ಬಂದ ಅಂಕ 48.6. ಮುಂದಿನ ವರ್ಷ? 104! ಆ ಮುಂದಿನ ವರ್ಷವೂ ಬಂತು. ಹೇಗಿದೆ ಎಂದರೆ 77ರ ಆಸುಪಾಸು. ಅಂದರೆ ಹೋದ ವರ್ಷಕ್ಕಿಂತ ಕೆಟ್ಟಿದೆ ಎನ್ನುವವರದೇ ಮೇಲುಗೈ. ಸರಿ, ಇನ್ನೊಂದು ವರ್ಷಕ್ಕೆ? 113. ಹಳೇ ಸಾಲ ತೀರಿಸದವನನ್ನು ಕರೆದು ಕೂರಿಸಿ, ಬಡ್ಡಿಯ ಮಾತೇ ಎತ್ತದೆ ಹೊಸ ಸಾಲ ಕೊಡುವ ಇಂಥ ಸಾಹುಕಾರ ಭೂಮಂಡಲದಲ್ಲಿ ಇನ್ನೆಲ್ಲಿ ಸಿಕ್ಕಾನು?

ನಮ್ಮನ್ನಾಳುವ ಸಾಲಗಾರರೇನು ದಡ್ಡರೇ? 2022ಕ್ಕೆ ರೈತರ ಆದಾಯ ದುಪ್ಪಟ್ಟು ಎಂದರು. 2022ಕ್ಕೇ ಎಲ್ಲರಿಗೂ ಸೂರು ಎಂದರು. 2024-25ಕ್ಕೆ ಐದು ಟ್ರಿಲಿಯನ್ ಡಾಲರ್ ಆರ್ಥಿಕತೆ ಎಂದರು. ಇಂಥ ಹತ್ತಿರದ ಗಡುವುಗಳಲ್ಲಿ ಒಂದೇ ತೊಂದರೆ, ಜನ ಕ್ಯಾಲೆಂಡರ್ ನೋಡಿಬಿಡುತ್ತಾರೆ. ಅದಕ್ಕೇ ಈಗ 2047 ಎನ್ನುತ್ತಿದ್ದಾರೆ. ಕೇಳುವವರು ಇದ್ದರೆ ಹೇಳುವವರು ಇರುವುದಿಲ್ಲ, ಬಹುಶಃ ಇಬ್ಬರೂ ಇರುವುದಿಲ್ಲ. ಎದುರು ಪಾಳಯವೂ ಕಮ್ಮಿಯಿಲ್ಲ. 1971ರಲ್ಲಿ ‘ಗರೀಬಿ ಹಟಾವೋ’ ಎಂದು ಗೆದ್ದವರ ಮೊಮ್ಮಗ 2024ರಲ್ಲಿ ಅದೇ ಬಡತನವನ್ನು ಒಂದೇ ಏಟಿಗೆ ಅಳಿಸುತ್ತೇನೆಂದು ಹೊರಟರು. ಮನೆತನದ ಕಸುಬು ಎಂದರೆ ಹೀಗಿರಬೇಕು.

ಅಂಕಿಅಂಶಕ್ಕೂ ಮುಹೂರ್ತವಿದೆ. 2017-18ರ ನಿರುದ್ಯೋಗ ಶೇ 6.1 ಎಂಬ ವರದಿ ಅಧಿಕೃತವಾಗಿ ಹೊರಬಂದದ್ದು 2019ರ ಮೇ 31ರಂದು. ಚುನಾವಣೆ ಗೆದ್ದ ಕೇಂದ್ರ ಸರ್ಕಾರದ ಪ್ರಮಾಣವಚನ ಮುಗಿದದ್ದು ಅದರ ಹಿಂದಿನ ದಿನ.

ಇನ್ನು ದರ್ಶಿನಿಯ ಮುಂದೆ ನಿಂತೇ ನಡೆಯುವ ಅರ್ಥಶಾಸ್ತ್ರ. “ಏನ್ರೀ ಇದು, ಕಾಫಿಗೆ ಮತ್ತೆ ರೇಟ್ ಏರ್ಸಿದಾರೆ!” “ಮಗ ಇಂಜಿನಿಯರಿಂಗ್ ಮುಗ್ಸಿ ಮನೇಲೇ ಕೂತಿದಾನೆ ಸಾರ್.” “ಅದಿರ್ಲಿ, ಎಕಾನಮಿಲಿ ನಾವು ಜಪಾನನ್ನೇ ಹಿಂದೆ ಹಾಕಿದ್ವಂತಲ್ಲ!” ಅಷ್ಟಕ್ಕೆ ಇಬ್ಬರ ಮುಖವೂ ಅರಳುತ್ತದೆ, ಬೈಟು ಕಾಫಿ ಇನ್ನೊಂದು ಗುಟುಕು ಇಳಿಯುತ್ತದೆ. ಹೆಂಗಸರಿಗೆ ಬಸ್ಸು ಫ್ರೀ ಮಾಡಿದಾಗ “ಬಿಟ್ಟಿ ಕೊಟ್ಟು ದೇಶ ಹಾಳುಮಾಡ್ತಿದಾರೆ” ಎಂದು ಹಲ್ಲು ಕಡಿದವರೂ ಇವರೇ. 2025ರ ಬಜೆಟ್ಟಿನಲ್ಲಿ ವರ್ಷಕ್ಕೆ ಹನ್ನೆರಡು ಲಕ್ಷದವರೆಗೆ ಆದಾಯ ತೆರಿಗೆ ಇಲ್ಲವೆಂದಾಗ ಅದು ಬಿಟ್ಟಿಯಲ್ಲ, ಮಧ್ಯಮವರ್ಗಕ್ಕೆ ತಡವಾಗಿ ಸಿಕ್ಕ ನ್ಯಾಯ!

ರಿಸರ್ವ್ ಬ್ಯಾಂಕಿನ ಆ ಸಮೀಕ್ಷೆಯಲ್ಲಿ ನನಗೆ ತುಂಬ ಹಿಡಿಸಿದ್ದು ಖರ್ಚಿನ ಪ್ರಶ್ನೆ. ಖರ್ಚು ಹೆಚ್ಚಾಗಿದೆ ಎಂದು ಹೇಳಿದರೆ ಅದು ಖುಷಿಯ ಲೆಕ್ಕಕ್ಕೆ ಜಮಾ. ಬಾಡಿಗೆ, ಸ್ಕೂಲ್ ಫೀಸು, ಎಣ್ಣೆ, ತೊಗರಿಬೇಳೆ ಎಲ್ಲ ಏರಿ, ಇಪ್ಪತ್ತನೇ ತಾರೀಕಿಗೇ ಪರ್ಸು ಬರಿದಾದ ಗೃಹಿಣಿ ಬಾಗಿಲಲ್ಲಿ ನಿಂತು “ಖರ್ಚು ಸಿಕ್ಕಾಪಟ್ಟೆ ಆಗ್ತಿದೆ ಕಣಪ್ಪಾ” ಎಂದು ನಿಟ್ಟುಸಿರು ಬಿಟ್ಟರೆ, ಬೆಲೆಯ ಕಾಲಮ್ಮಿನಲ್ಲಿ ಒಂದು ಮೈನಸ್ ಬೀಳುತ್ತದೆ, ಖರ್ಚಿನ ಕಾಲಮ್ಮಿನಲ್ಲಿ ಒಂದು ಪ್ಲಸ್.