ಬಾಕ್ಸು, ಬಿಲ್ಲು ಸಮೇತ

ಹಳೆಯ ಮೊಬೈಲನ್ನು ಒಎಲ್‌ಎಕ್ಸ್‌ಗೆ ಹಾಕುವ ಗೃಹಸ್ಥರು ಊರೂರಲ್ಲೂ ಒಂದೇ ಅಚ್ಚಿನವರು. ಅವರ ಮನೆಯ ಅಟ್ಟದ ಮೇಲೆ ಮಿಕ್ಸಿಯಿಂದ ಮೊಬೈಲಿನವರೆಗೆ ಕೊಂಡ ಸಾಮಾನಿನ ಖಾಲಿ ರಟ್ಟಿನ ಡಬ್ಬಗಳೆಲ್ಲ ಜೋಪಾನವಾಗಿರುತ್ತವೆ. 'ಆ ಕಸ ಬಿಸಾಕ್ರೀ' ಎಂಬ ಹೆಂಡತಿಯ ಮಾತಿಗೆ ಜಗ್ಗದೆ ವರ್ಷಗಟ್ಟಲೆ ಕಾಪಾಡಿದ ಡಬ್ಬದ ಜನ್ಮ ಸಾರ್ಥಕವಾಗುವುದು ಜಾಹೀರಾತು ಹಾಕುವ ದಿನ: 'ಸಿಂಗಲ್ ಓನರ್, ಒಂದೂ ಸ್ಕ್ರ್ಯಾಚ್ ಇಲ್ಲ, ಬಾಕ್ಸು-ಬಿಲ್ಲು ಸಮೇತ, ಫಿಕ್ಸೆಡ್ ರೇಟ್, ಟೈಂಪಾಸ್‌ನವರು ದಯವಿಟ್ಟು ಬೇಡ.' ಓದಿದರೆ ವಧೂವರರ ಅಂಕಣದ ಧಾಟಿ. ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತದೆ ಎಂಬ ವಿವರವನ್ನು ಅಲ್ಲಿನಷ್ಟೇ ಜಾಣತನದಿಂದ ಇಲ್ಲೂ ಬಿಟ್ಟಿರುತ್ತಾರೆ. ಬೆಲೆಯೂ ಹಾಗೆಯೇ. ಮೂರು ವರ್ಷದ ಹಿಂದೆ ಮೂವತ್ತು ಸಾವಿರಕ್ಕೆ ಕೊಂಡದ್ದು, 'ಪಾಪ, ಇಪ್ಪತ್ತಾದರೂ ಬರಲಿ.' ಇದನ್ನು ದುರಾಸೆ ಎಂದು ಬೈಯುವುದು ಅನ್ಯಾಯ. 1990ರಲ್ಲಿ ಕಾನೆಮನ್, ಕ್ನೆಚ್, ಥೇಲರ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಮಗ್ ಸಿಗದವರು ಕೊಡಲು ಒಪ್ಪಿದ ಬೆಲೆಯ ಎರಡು ಪಟ್ಟಿಗೂ ಹೆಚ್ಚನ್ನು ಮಗ್ ಸಿಕ್ಕವರು ಕೇಳಿದ್ದರು. ಆಗಷ್ಟೇ ಕೈಗೆ ಬಂದ ಬಿಟ್ಟಿ ಮಗ್ಗಿಗೇ ಇಷ್ಟು ಮಮಕಾರವಾದರೆ, ಮಗಳ ನಾಮಕರಣದ ಫೋಟೊ ತೆಗೆದ ಮೊಬೈಲಿಗೆ ಇನ್ನೆಷ್ಟಿರಬೇಡ!

ಆದರೆ ಕೊಳ್ಳುವವರಿಗೆ ಈ ನಾಮಕರಣದ ಗೊಡವೆ ಇಲ್ಲ. 'ಲಾಸ್ಟ್ ಎಷ್ಟು ಸಾರ್?' ಎಂದು ಒಬ್ಬ, 'ಎಂಟಕ್ಕೆ ಕೊಟ್ರೆ ಈಗ್ಲೇ ಬರ್ತೀನಿ' ಎಂದು ಇನ್ನೊಬ್ಬ. ಮತ್ತೊಬ್ಬ ಏನೂ ಹೇಳದೆ ಬೆಳಿಗ್ಗೆ-ಸಂಜೆ 'ಹಾಯ್' ಕಳಿಸುತ್ತಾನೆ. ಎರಡು ದಿನ ಕಳೆಯುವಷ್ಟರಲ್ಲಿ ನಮ್ಮ ಗೃಹಸ್ಥರಿಗೆ ಲೋಕದ ಮೇಲೇ ಬೇಸರ: ಇವರೆಲ್ಲ ಕಳ್ಳರು, ಅಡ್ಡಕಸುಬಿಗಳು, ಮಾನವಂತರಿಗೆ ಕಾಲವಲ್ಲ. ಇಲ್ಲಿಯೇ ಅವರ ಲೆಕ್ಕ ತಲೆಕೆಳಗಾಗಿರುವುದು. ಹಳೆ ಸಾಮಾನಿನ ವ್ಯಾಪಾರದಲ್ಲಿ ಚೌಕಾಸಿ ಮಾಡುವವನೇ ಬಹುಮಟ್ಟಿಗೆ ಸಾಚಾ ಮನುಷ್ಯ. ತನ್ನ ಜೇಬಿನ ದುಡ್ಡು ಕೊಡಬೇಕಾದವನು ಇನ್ನೂರು ರೂಪಾಯಿಗೂ ಹಲ್ಲು ಕಚ್ಚಿ ಎಳೆದಾಡುತ್ತಾನೆ, ಗೀರು ಹುಡುಕುತ್ತಾನೆ, ಚಾರ್ಜರ್ ಒರಿಜಿನಲ್ಲೋ ಡೂಪ್ಲಿಕೇಟೋ ಎಂದು ಪೀಡಿಸುತ್ತಾನೆ. ಕೊಡುವ ಉದ್ದೇಶವೇ ಇಲ್ಲದವನಿಗೆ ಇಪ್ಪತ್ತಾದರೇನು, ನಲವತ್ತಾದರೇನು?

ಅವನ ಪ್ರವೇಶ ಮೂರನೆಯ ದಿನ. ವಾಟ್ಸ್ಆ್ಯಪ್ ಚಿತ್ರದಲ್ಲಿ ಸಮವಸ್ತ್ರ, ಮಾತಿನ ಮೊದಲಿಗೆ 'ಜೈ ಹಿಂದ್', ಕೇಳದಿದ್ದರೂ ಕಳಿಸಿದ ಗುರುತಿನ ಚೀಟಿ, ಜೊತೆಗೆ ಕ್ಯಾಂಟೀನ್ ಕಾರ್ಡು. ಜಮ್ಮುವಿಗೆ ವರ್ಗವಾಗಿದೆ, ಬಂದು ನೋಡಲು ಪುರಸತ್ತಿಲ್ಲ, ಬೆಲೆ ಓಕೆ, ಸಂಜೆ ಹುಡುಗ ಬಂದು ಒಯ್ಯುತ್ತಾನೆ. ಎರಡು ದಿನ 'ಎಂಟು ಸಾವಿರ' ಕೇಳಿ ಬೆಂದಿದ್ದ ಹೃದಯಕ್ಕೆ ಕೊನೆಗೂ ಯೋಗ್ಯತೆ ಬಲ್ಲವನೊಬ್ಬ ಸಿಕ್ಕಿದ. ಆಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ: 'ಸ್ಕ್ಯಾನ್ ಮಾಡಿ ಸರ್, ದುಡ್ಡು ನಿಮ್ಮ ಖಾತೆಗೆ ಬೀಳುತ್ತೆ.' ನಂಬಿಕೆ ಹುಟ್ಟಲೆಂದು ಮೊದಲು ಐದೋ ಹತ್ತೋ ರೂಪಾಯಿ ನಿಜವಾಗಿಯೂ ಬರುವುದುಂಟು. 2016ರಲ್ಲಿ ಯುಪಿಐ ಬಂದಾಗಿನಿಂದ ನಿಯಮ ಒಂದೇ. ಪಿನ್ ಇರುವುದು ದುಡ್ಡು ಕಳಿಸಲಿಕ್ಕೆ. ಪಡೆಯಲು ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಬೀದಿ ಬದಿಯ ಎಳನೀರಿನವನ ಬೋರ್ಡನ್ನು ಸ್ಕ್ಯಾನ್ ಮಾಡಿದರೆ ಯಾರ ಖಾತೆಯಿಂದ ಹಣ ಹೋಗುತ್ತದೆಂದು ಈ ಗೃಹಸ್ಥರಿಗೆ ಚೆನ್ನಾಗಿ ಗೊತ್ತು. ಅದೇ ಚೌಕ ಚಿತ್ರ ಮೊಬೈಲಿನೊಳಗೆ ಬಂದಾಗ ಮಾತ್ರ ದುಡ್ಡು ಹಿಂದಕ್ಕೆ ಹರಿಯುತ್ತದೆಂದು ನಂಬಿಬಿಡುತ್ತಾರೆ. ಮೋಸಹೋದವರಲ್ಲಿ ಎಂಜಿನಿಯರುಗಳೂ ಇರುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಆದ್ದರಿಂದ ಇದನ್ನು ಬರೀ ಅಜ್ಞಾನವೆನ್ನಲಾಗದು. ಕಳ್ಳ ಮೊದಲು ಕದ್ದದ್ದು 'ಇಪ್ಪತ್ತಕ್ಕೂ ಬೆಲೆ ಬಾಳುತ್ತೆ ಸರ್' ಎಂಬ ಒಂದು ಮಾತಿನಿಂದ ಮನಸ್ಸನ್ನು, ಖಾತೆ ಆಮೇಲಿನದು.

ಕಾಲ ಬದಲಾಗಿದೆ ಎನ್ನುವವರಿದ್ದಾರೆ. ನಿಜ, ವ್ಯಕ್ತಿಯಿಂದ ವ್ಯಕ್ತಿಗೆ 'ಹಣ ಕೊಡಿ' ಎಂದು ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದೆ. ಒಂದು ಬಾಗಿಲು ಮುಚ್ಚಿತು, ಕ್ಯೂಆರ್ ಕೋಡಿನ ಕಿಟಕಿ ತೆರೆದೇ ಇದೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಚೌಕಾಸಿ ಮಾಡುವವರಲ್ಲೂ ಕಳ್ಳರಿಲ್ಲವೇ? ಇದ್ದಾರೆ. ಒಂದು ಗಂಟೆ ಎಳೆದಾಡಿ, ಹಣ ಕಳಿಸಿದೆನೆಂದು ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಗಾಡಿ ಹತ್ತುವವರಿದ್ದಾರೆ. ಆದರೆ ಅವರು ಎದುರಿಗೆ ಬರಲೇಬೇಕು, ಮುಖ ತೋರಿಸಬೇಕು, ಭೇಟಿಗೆ ಕರೆದ ಮೆಟ್ರೊ ನಿಲ್ದಾಣದ ಕ್ಯಾಮೆರಾ ಕೆಳಗೆ ನಿಲ್ಲಬೇಕು. ಸ್ಕ್ರೀನ್‌ಶಾಟನ್ನೂ ಎಸ್ಸೆಮ್ಮೆಸ್ಸನ್ನೂ ನಂಬದೆ ತಮ್ಮ ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿದರೆ ಅವರ ಆಟ ಅಲ್ಲಿಗೇ ಮುಗಿಯಿತು. ಅವಸರಕ್ಕೆ ಕೇಳಿದಷ್ಟು ಕೊಟ್ಟು ಒಯ್ಯುವ ಪುಣ್ಯಾತ್ಮರೂ ಇರಬಹುದು, ಆದರೆ ಅವರು ನೋಟು ಹಿಡಿದು ಬರುತ್ತಾರೆ, ಸ್ಕ್ಯಾನ್ ಮಾಡಿ ಎನ್ನುವುದಿಲ್ಲ. ಅಷ್ಟಾಗಿಯೂ ದುಡ್ಡು ಹೋಯಿತೆನ್ನಿ, ನಾಚಿಕೆಪಡುತ್ತ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಿಗಿಯುತ್ತದೆ.

ಕೊಳ್ಳುವವರ ಮೇಲೆ ಅಷ್ಟೊಂದು ಸಂಶಯಪಡುವ ನಮ್ಮ ಗೃಹಸ್ಥರು ಜಾಹೀರಾತಿಗೆ ಹಾಕಿದ ಫೋಟೊಗಳನ್ನೊಮ್ಮೆ ನೋಡಬೇಕು. ಒಂದರಲ್ಲಿ ಡಬ್ಬದ ಮೇಲಿನ ಚೀಟಿ, ಅದರಲ್ಲಿ ಫೋನಿನ ಗುರುತಾದ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಹೊಳೆಯುತ್ತದೆ. ಇನ್ನೊಂದರಲ್ಲಿ ಬಿಲ್ಲು: ಪೂರ್ತಿ ಹೆಸರು, ಫೋನ್ ನಂಬರು, ಮನೆಯ ನಂಬರು, ಎಷ್ಟನೇ ಕ್ರಾಸು, ಯಾವ ದೇವಸ್ಥಾನದ ಹಿಂದೆ ಎಂಬುದೆಲ್ಲ ಅಲ್ಲಿದೆ. ಮೂರನೆಯದರಲ್ಲಿ ಪರದೆ ಬೆಳಗುತ್ತಿದೆ, ಬ್ಯಾಂಕಿನ ಮೆಸೇಜು ಅರ್ಧ ಇಣುಕುತ್ತಿದೆ. ಟೆಂಪರ್ಡ್ ಗ್ಲಾಸಿನ ಮೂಲೆಯ ಸೀಳು ಕಾಣದಂತೆ ಕ್ಯಾಮೆರಾ ಓರೆ ಹಿಡಿದವರಿಗೆ ಇದಾವುದೂ ಕಂಡಿರುವುದಿಲ್ಲ. ಒಳಗಿನ ಮಾಹಿತಿಯ ವಿಷಯದಲ್ಲೂ ಇದೇ ಅಜಾಗ್ರತೆ. ಈಚಿನ ಫೋನುಗಳಲ್ಲಿ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುವುದರಿಂದ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದರ ಕೀಲಿಯೇ ನಾಶವಾಗುತ್ತದೆ, ಅಷ್ಟು ಸಾಕು. ಹಳೆ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಹಾಗಲ್ಲ. ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೂ ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಸಂಬಳದ ಚೀಟಿ, ಪ್ಯಾನ್ ಕಾರ್ಡು ಎಲ್ಲ ಒಳಗೇ ಕೂತಿರುತ್ತವೆ. ವಿಂಡೋಸ್‌ನ ರೀಸೆಟ್‌ನಲ್ಲಿ ಡಿಸ್ಕನ್ನು ಪೂರ್ತಿ ಅಳಿಸುವ ಆಯ್ಕೆಯನ್ನೇ ಒತ್ತಬೇಕು. ಇನ್ನು ಗೂಗಲ್ ಖಾತೆಯನ್ನೋ ಐಕ್ಲೌಡನ್ನೋ ತೆಗೆಯದೆ ಬಟನ್ ಹಿಡಿದು ರೀಸೆಟ್ ಮಾಡಿ ಕೊಟ್ಟರೆ, ಆ ಫೋನು ಹೊಸ ಯಜಮಾನನ ಬಳಿ ಹಳೆಯವರ ಪಾಸ್‌ವರ್ಡನ್ನೇ ಕೇಳುತ್ತದೆ. ರಾತ್ರಿ ಹತ್ತಕ್ಕೆ ಕರೆ ಬರುತ್ತದೆ, ಪಾಸ್‌ವರ್ಡು ಗೃಹಸ್ಥರಿಗೂ ನೆನಪಿರುವುದಿಲ್ಲ.

ಚೌಕಾಸಿಯವನು ಎದುರಿಗೆ ಬಂದ ದಿನ ನಿಜವಾದ ತಮಾಷೆ. ಅವನು ಫೋನನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತಾನೆ, ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿ ಬಂದ ಸಂಖ್ಯೆಯನ್ನು ಡಬ್ಬದ ಸಂಖ್ಯೆಯೊಡನೆ ತಾಳೆ ನೋಡುತ್ತಾನೆ, 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ ಇದು ಕದ್ದ ಮಾಲೇ ಎಂದು ಸರ್ಕಾರವನ್ನೇ ಕೇಳುತ್ತಾನೆ. ಸಾಲದ್ದಕ್ಕೆ, 'ನಿಮ್ಮದೊಂದು ಆಧಾರ್ ಜೆರಾಕ್ಸ್ ಕೊಡಿ ಸಾರ್' ಎಂದುಬಿಡುತ್ತಾನೆ. ಗೃಹಸ್ಥರು ಸಿಡಿದೇಳುತ್ತಾರೆ: 'ನನ್ನನ್ನೇನು ಕಳ್ಳ ಅಂದ್ಕೊಂಡ್ರಾ?' ಮೂರನೆಯ ದಿನದ ಸಿಪಾಯಿ ಕೇಳದೆಯೇ ಕಳಿಸಿದ ಗುರುತಿನ ಚೀಟಿಗೆ ಕೈಮುಗಿದವರು ಇವರೇ. ಕೊಳ್ಳುವವನ ಭಯ ಸುಳ್ಳಲ್ಲ, ಕದ್ದದ್ದೆಂದು ಗೊತ್ತಿದ್ದು ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ, ಗೊತ್ತಿರಲಿಲ್ಲವೆಂದು ಠಾಣೆಯಲ್ಲಿ ಒಪ್ಪಿಸಲು ಏನಾದರೂ ಕಾಗದ ಬೇಕಲ್ಲ. ಆಧಾರಿನ ನಕಲು ಅಪರಿಚಿತನ ಕೈಗೆ ಹೋಗಬಾರದೆಂಬ ಇವರ ಹಟವೂ ಸರಿಯೇ. ತಾರೀಕು, ಬೆಲೆ, ಐಎಂಇಐ ಬರೆದು ಇಬ್ಬರೂ ಸಹಿ ಹಾಕಿದ ಒಂದು ರಸೀದಿಯಲ್ಲಿ ಜಗಳ ಬಗೆಹರಿಯುತ್ತದೆ. ಬೆಲೆ ಹನ್ನೊಂದೂವರೆಗೆ ಇಳಿದಿರುತ್ತದೆ, ಬ್ಯಾಕ್ ಕವರು ಫ್ರೀ ಆಗಿರುತ್ತದೆ, ಹಣ ಖಾತೆಗೆ ಬಿದ್ದಿರುತ್ತದೆ. ಅಷ್ಟಾದ ಮೇಲೂ ಅವನು ಗಾಡಿ ಸ್ಟಾರ್ಟ್ ಮಾಡಿ ಒಂದು ಕಾಲು ನೆಲಕ್ಕೂರಿ, 'ಇಯರ್‌ಫೋನ್ ಇದ್ರೆ ಅದನ್ನೂ ಕೊಟ್ಬಿಡಿ ಸಾರ್, ನಿಮಗ್ಯಾಕೆ?' ಎನ್ನುತ್ತಾನೆ.